ಪಾಯಿಂಟ್ ಟೂ ಟೂ ರೈಫಲ್ ಆರಿಸುವ ಬಗೆ



ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಎಂದರೆ ಮಂಡ್ಯ ಸೀಮೆಯವರಿಗೆ ಮೊದಲು ನೆನಪಾಗುವುದು ಕಾಲಭೈರವೇಶ್ವರ, ಆ ದೇವರ ಬಸಪ್ಪ. ಆಮೇಲೆ ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆಯ ನೀರು. ಬಂದೂಕು ಯಾರಿಗೂ ನೆನಪಾಗುವುದಿಲ್ಲ. ಹಾಗೆಂದು ಈ ಕಡೆ ಬಂದೂಕು ಇಲ್ಲವೆಂದಲ್ಲ. ಬೆಳೆ ರಕ್ಷಣೆಗೆಂದು ತಾತನ ಕಾಲದಲ್ಲಿ ಪರವಾನಗಿ ಮಾಡಿಸಿದ ಒಂಟಿ ನಳಿಗೆ, ಜೋಡಿ ನಳಿಗೆ ಬಂದೂಕುಗಳು ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಇನ್ನೂ ಇವೆ. ಚುನಾವಣೆ ಬಂದಾಗ ಅವು ಪೊಲೀಸ್ ಠಾಣೆಗೆ ಹೋಗುತ್ತವೆ, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತವೆ. ಅವುಗಳ ಕೆಲಸವೇ ಬೇರೆ. ಇವತ್ತಿನ ಮಾತು ಕಾಗದದ ಮೇಲೆ ಸಣ್ಣ ತೂತು ಮಾಡುವುದಕ್ಕೆ ಮಾತ್ರ ಹುಟ್ಟಿದ ಇನ್ನೊಂದು ಜಾತಿಯ ಬಂದೂಕಿನ ಬಗ್ಗೆ.

ಈ ಮಾತು ಎತ್ತಲು ಕಾರಣ ನಮ್ಮ ಕಾಲೇಜು ಹುಡುಗ ಹುಡುಗಿಯರು. ಎನ್‌ಸಿಸಿ ಸೇರಿದವರು ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲಿನಿಂದ ಫೈರಿಂಗ್ ಮಾಡಿ ಬರುತ್ತಾರೆ. ನೆಲದ ಮೇಲೆ ಬೋರಲು ಮಲಗಿ, 25 ಗಜದ ದೂರದಲ್ಲಿರುವ ಹಾಳೆಗೆ ಐದು ಗುಂಡು. ಐದೂ ಹತ್ತಿರ ಹತ್ತಿರ ಬಿದ್ದರೆ "ಗ್ರೂಪಿಂಗ್ ಚೆನ್ನಾಗಿದೆ" ಎಂದು ಉಸ್ತಾದರು ಬೆನ್ನು ತಟ್ಟುತ್ತಾರೆ. ಆ ಒಂದು ಮೆಚ್ಚುಗೆಯನ್ನು ಹೊತ್ತುಕೊಂಡು ಊರಿಗೆ ಬಂದ ಹುಡುಗ ಕೇಳುವ ಪ್ರಶ್ನೆ ಒಂದೇ: "ಸಾರ್, ಯಾವ ಕಂಪ್ನಿ ರೈಫಲ್ ತಗೊಂಡ್ರೆ ಕರೆಕ್ಟಾಗಿ ಬೀಳುತ್ತೆ?"

ಪ್ರಶ್ನೆ ಸಹಜ. ಆದರೆ ಅದಕ್ಕೆ ಕಂಪನಿಯ ಹೆಸರು ಉತ್ತರವಲ್ಲ. ಒಂದೇ ಕಾರ್ಖಾನೆಯಲ್ಲಿ, ಒಂದೇ ದಿನ ಹೊರಬಂದ ಎರಡು ರೈಫಲ್‌ಗಳು ಒಂದೇ ರೀತಿ ಹೊಡೆಯುವುದಿಲ್ಲ. ಅದೇ ರೈಫಲಿಗೆ ಎರಡು ಬೇರೆ ಡಬ್ಬಿಯ ತೋಟಾ ಹಾಕಿದರೂ ಒಂದೇ ರೀತಿ ಹೊಡೆಯುವುದಿಲ್ಲ. ಕೊಳ್ಳುವವರು ಆರಿಸಬೇಕಾದದ್ದು ಬಂದೂಕನ್ನಲ್ಲ, ಬಂದೂಕು ಮತ್ತು ತೋಟಾದ ಜೋಡಿಯನ್ನು. ಆ ಜೋಡಿ ಕೂಡಿತೋ ಇಲ್ಲವೋ ಎಂಬುದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಣುವುದಿಲ್ಲ, ಗುರಿಹಾಳೆಯ ಮೇಲೆ ಮಾತ್ರ ಕಾಣುತ್ತದೆ.

ಆ ಜೋಡಿಯನ್ನೇ ಒರೆಗೆ ಹಚ್ಚುವ ಬೆಂಚ್‌ರೆಸ್ಟ್ ಎಂಬ ಆಟವನ್ನು ಕಾಣದವರಿಗಾಗಿ ಎರಡು ಮಾತು. ಕಲ್ಲಿನಂತೆ ಅಲುಗದ ಒಂದು ಮೇಜು. ಅದರ ಮೇಲೆ ಮುಂದೊಂದು ಆಸರೆ, ಹಿಂದೊಂದು ಮರಳು ಚೀಲ. ರೈಫಲ್ ಅವೆರಡರ ಮೇಲೆ ಮಲಗಿರುತ್ತದೆ, ಹೊಡೆಯುವವರು ಕುರ್ಚಿಯಲ್ಲಿ ಕೂತಿರುತ್ತಾರೆ. ಈ ಆಟಕ್ಕೆಂದೇ ಒಂದು ಅಂತರರಾಷ್ಟ್ರೀಯ ಒಕ್ಕೂಟವಿದೆ. ಅದರ ಪಂದ್ಯಗಳು 25 ಮತ್ತು 50 ಮೀಟರಿನವು. ಒಂದು ಹಾಳೆಯಲ್ಲಿ 25 ಸಣ್ಣ ಗುರಿಗಳು, ಒಂದೊಂದಕ್ಕೆ ಒಂದೇ ಗುಂಡು, ಪೂರ್ತಿ ಬಂದರೆ 250 ಅಂಕ. ಕೈ ನಡುಗಿತು, ಮಂಡಿ ನೋಯಿತು ಎನ್ನುವ ನೆಪಕ್ಕೆ ಇಲ್ಲಿ ಜಾಗವಿಲ್ಲ. ಉಳಿಯುವುದು ಮೂರೇ: ಬಂದೂಕು, ತೋಟಾ, ಗಾಳಿ.

ನಮ್ಮ ದೇಶದಲ್ಲಿ ಪದಕಕ್ಕೆ ದಾರಿಯಾಗುವ ಪಂದ್ಯಗಳು ಒಲಿಂಪಿಕ್ ಮಾದರಿಯವು. ಅಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ಪಾಯಿಂಟ್ ಟೂ ಟೂ ರೈಫಲಿನಲ್ಲೇ, 50 ಮೀಟರ್ ಮೂರು ಭಂಗಿಗಳ ಪಂದ್ಯದಲ್ಲಿ. ಮೇಜಿನ ಆಟಕ್ಕೆ ಹತ್ತಿರದ ಒಂದು ಪಂದ್ಯ ಪ್ಯಾರಾ ಕ್ರೀಡೆಯಲ್ಲಿದೆ. ತೋಳಿನಲ್ಲಿ ಬಂದೂಕಿನ ಭಾರ ಹೊರಲಾಗದವರಿಗೆ ಅಲ್ಲಿ ಸ್ಪ್ರಿಂಗಿನ ಊರುಗೋಲು ಕೊಡುತ್ತಾರೆ. ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ 2022ರಲ್ಲಿ ಫ್ರಾನ್ಸಿನ ಶಾಟೊರೂ ವಿಶ್ವಕಪ್ಪಿನಲ್ಲಿ ಚಿನ್ನ ಗೆದ್ದದ್ದು ಆ ವರ್ಗದಲ್ಲಿ, ಏರ್ ರೈಫಲಿನಿಂದ.

ಇನ್ನು ಕೊಡಗಿನ ಕಡೆಗೆ ನೋಡಿದರೆ ಕೈಲ್‌ಪೊಳ್ದ್ ಹಬ್ಬದ ಸುತ್ತಮುತ್ತ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ಊರೂರಿನಲ್ಲಿ ನಡೆಯುತ್ತವೆ. ಹನ್ನೆರಡು ಬೋರಿನ ಕೋವಿಗೆ ಒಂದು ವಿಭಾಗ, ಪಾಯಿಂಟ್ ಟೂ ಟೂಗೆ ಇನ್ನೊಂದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಮಂಡ್ಯ ಜಿಲ್ಲೆಯ ನಮಗೆ ಆ ಸವಲತ್ತು ಇಲ್ಲ. ಇನ್ನು ಅಲ್ಲಿನ ಗುರಿಯಾದ ತೆಂಗಿನಕಾಯಿ ಅಂಗೈಗಿಂತ ದೊಡ್ಡದು, ಎಲ್ಲಿ ತಗುಲಿದರೂ ಗೆಲುವು. ಒಲಿಂಪಿಕ್ ಮಾದರಿಯ 50 ಮೀಟರ್ ಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ಗುಂಡಿನ ಅಡ್ಡಳತೆಯೇ 5.6 ಮಿಲಿಮೀಟರ್. ಅಂಥ ಹಾಳೆಗೆ ಯಾವ ರೈಫಲ್ ತಕ್ಕುದು ಎಂಬುದೇ ನಮ್ಮ ವಿಷಯ.

ಮೊದಲು ತೋಟಾವನ್ನು ನೋಡಿ. ರಿಮ್‌ಫೈರ್ ತೋಟಾದ ಬುಡದಲ್ಲಿ ಹೊರಚಾಚಿದ ಒಂದು ಅಂಚು ಇರುತ್ತದೆ. ಕಿಡಿ ಹೊತ್ತಿಸುವ ರಾಸಾಯನಿಕವನ್ನು ಆ ಅಂಚಿನ ಟೊಳ್ಳಿನೊಳಗೆ ಸುತ್ತಲೂ ಹರಡಿರುತ್ತಾರೆ. ರೈಫಲಿನ ಮೊಳೆ ಆ ಅಂಚನ್ನು ಒಂದು ಕಡೆ ಜಜ್ಜಿದಾಗ ಅದು ಹೊತ್ತಿ ಮದ್ದಿಗೆ ಬೆಂಕಿ ಹಿಡಿಸುತ್ತದೆ. ಫ್ರಾನ್ಸಿನ ಫ್ಲೋಬೆರ್ 1845ರ ಸುಮಾರಿಗೆ ಇದಕ್ಕೆ ನಾಂದಿ ಹಾಡಿದ. ಅಮೆರಿಕದ ಸ್ಮಿತ್ ಅಂಡ್ ವೆಸನ್ 1857ರಲ್ಲಿ ಪಾಯಿಂಟ್ ಟೂ ಟೂ ಶಾರ್ಟ್ ತೋಟಾ ತಂದರು. ಇವತ್ತು ಜಗತ್ತೆಲ್ಲ ಬಳಸುವ ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದರ ಮೂಲ ರಚನೆ ಬದಲಾಗಿಲ್ಲ. ಸೀಸದ ಗುಂಡು 2.6 ಗ್ರಾಂ, ಒಳಗಿನ ಮದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗ ತೂಗಿದರೆ ಹೆಚ್ಚು.

ಇಷ್ಟು ಸಣ್ಣ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಮದ್ದು ಚೂರು ಹೆಚ್ಚು ಕಡಿಮೆಯಾದರೆ, ರಾಸಾಯನಿಕ ಅಂಚಿನಲ್ಲಿ ಸಮನಾಗಿ ಹರಡದಿದ್ದರೆ, ಅಂಚಿನ ದಪ್ಪ ಬೇರೆಯಾದರೆ ಗುಂಡಿನ ವೇಗ ಬದಲಾಗುತ್ತದೆ. ಗುರಿಕಾರರ ತೋಟಾದಲ್ಲಿ ಗುಂಡು ಸೆಕೆಂಡಿಗೆ ಸುಮಾರು 320, 330 ಮೀಟರ್ ವೇಗದಲ್ಲಿ ಹೊರಡುತ್ತದೆ. 50 ಮೀಟರ್ ಮುಟ್ಟುವಷ್ಟರಲ್ಲಿ ನಳಿಗೆಯ ನೇರದಿಂದ ಹನ್ನೆರಡು ಹದಿಮೂರು ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನವಾದರೆ ಅದು ಏಳೆಂಟು ಮಿಲಿಮೀಟರ್ ಹೆಚ್ಚು ಇಳಿಯುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ಹತ್ತರ ವೃತ್ತವೇ 10.4 ಮಿಲಿಮೀಟರ್ ಎಂದೆನಲ್ಲ. ತಪ್ಪು ಹೊಡೆದವರದಲ್ಲ, ಬಂದೂಕಿನದೂ ಅಲ್ಲ, ಆ ಒಂದು ತೋಟಾದ್ದು.

ದೊಡ್ಡ ರೈಫಲಿನ ತೋಟಾವನ್ನು ಆಟಗಾರರು ಹೊರದೇಶಗಳಲ್ಲಿ ತಾವೇ ತೂಕ ಮಾಡಿ ತುಂಬಿಕೊಳ್ಳುತ್ತಾರೆ. ಅಂಚಿನಲ್ಲಿ ಹೊತ್ತುವ ಈ ಸಣ್ಣ ತೋಟಾವನ್ನು ಮನೆಯಲ್ಲಿ ತುಂಬುವಂತಿಲ್ಲ. ಕಾರ್ಖಾನೆ ಕೊಟ್ಟದ್ದೇ ಪ್ರಸಾದ. ಆದ್ದರಿಂದಲೇ ಲಾಟ್ ನಂಬರ್ ಮುಖ್ಯವಾಗುತ್ತದೆ. ಇದು ನಮ್ಮ ರೈತರಿಗೆ ಬೇಗ ತಿಳಿಯುವ ವಿಚಾರ. ಒಂದೇ ಕಂಪನಿಯ, ಒಂದೇ ತಳಿಯ ಭತ್ತದ ಬೀಜ ತಂದರೂ ಚೀಲದ ಮೇಲಿನ ಲಾಟ್ ಬೇರೆಯಾದರೆ ಮೊಳಕೆ ಬೇರೆಯಾಗುವುದನ್ನು ಅವರು ಕಂಡಿದ್ದಾರೆ. ತೋಟಾದಲ್ಲೂ ಹಾಗೆಯೇ. ಇಂಗ್ಲೆಂಡಿನ ಈಲಿ ಟೆನೆಕ್ಸ್, ಲಾಪುವಾ ಕಂಪನಿಯ ಮೈದಾಸ್ ಮತ್ತು ಸೆಂಟರ್ ಎಕ್ಸ್, ಜರ್ಮನಿಯ ಆರ್‌ಡಬ್ಲ್ಯುಎಸ್ ಆರ್ 50 ಹೆಸರುವಾಸಿ ತೋಟಾಗಳು. ದೊಡ್ಡ ಸ್ಪರ್ಧಿಗಳು ತಮ್ಮ ರೈಫಲನ್ನು ಈ ಕಂಪನಿಗಳ ಪರೀಕ್ಷಾ ಕೇಂದ್ರಕ್ಕೇ ಹೊತ್ತುಕೊಂಡು ಹೋಗಿ, ಹಿಡಿಗಟ್ಟಿನಲ್ಲಿ ಬಿಗಿದು, ಲಾಟಿನ ಮೇಲೆ ಲಾಟ್ ಹೊಡೆಸಿ ನೋಡುತ್ತಾರೆ. ತಮ್ಮ ನಳಿಗೆಗೆ ಒಪ್ಪಿದ ಲಾಟ್ ಸಿಕ್ಕಿದರೆ ವರ್ಷಕ್ಕಾಗುವಷ್ಟು ಅದನ್ನೇ ಕೊಳ್ಳುತ್ತಾರೆ. ಅತಿ ದುಬಾರಿ ತೋಟಾವೇ ನಿಮ್ಮ ರೈಫಲಿಗೆ ಒಪ್ಪಬೇಕೆಂಬ ನಿಯಮವೇನೂ ಇಲ್ಲ. ಮಧ್ಯಮ ಬೆಲೆಯದು ಹೆಚ್ಚು ಒಪ್ಪಿದ್ದನ್ನು ಆಟ ಬಲ್ಲವರೆಲ್ಲ ಕಂಡಿದ್ದಾರೆ.

ಇಲ್ಲೊಂದು ಆಸೆಗೆ ಬೀಳಬೇಡಿ. ಡಬ್ಬಿಯ ಮೇಲೆ "ಹೈ ವೆಲಾಸಿಟಿ" ಎಂದು ಬರೆದಿದ್ದರೆ ಅದು ಗುರಿಹಾಳೆಯ ತೋಟಾ ಅಲ್ಲ. ಅದರ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕೆ ಇಳಿಯುವಾಗ ಅಲುಗಾಡುತ್ತದೆ. ಬೇಗ ಹೋಗುತ್ತದಾದ್ದರಿಂದ ಗಾಳಿ ಅದನ್ನು ಕಡಿಮೆ ತಳ್ಳಬೇಕಲ್ಲವೇ ಎಂದು ಕೇಳುವಿರಿ. ಆಗುವುದು ತಿರುಗುಮುರುಗು. ಈ ಸಣ್ಣ ಗುಂಡಿನಲ್ಲಿ ವೇಗ ಶಬ್ದವನ್ನು ದಾಟಿದರೆ ಗಾಳಿಯ ತಡೆ ಏಕಾಏಕಿ ಹೆಚ್ಚಿ, ಅಡ್ಡಗಾಳಿ ಅದನ್ನು ಇನ್ನಷ್ಟು ಪಕ್ಕಕ್ಕೆ ಒಯ್ಯುತ್ತದೆ. ಸಾಧಾರಣ ವೇಗದ ತೋಟಾವೇ ಈ ಆಟಕ್ಕೆ ಲೇಸು.

ಈಗ ನಳಿಗೆಗೆ ಬರೋಣ. ರೈಫಲಿನ ಬೆಲೆಯಲ್ಲಿ ಕಣ್ಣಿಗೆ ಕಾಣುವ ಮರದ ಹಿಡಿ, ಕೆತ್ತನೆ, ಹೊಳಪು ಇವಕ್ಕೆಲ್ಲ ಕೊಟ್ಟ ಹಣ ಹಾಳೆಯ ಮೇಲೆ ಒಂದು ಅಂಕವನ್ನೂ ತರುವುದಿಲ್ಲ. ಅಂಕ ತರುವುದು ನಳಿಗೆ ಮತ್ತು ತೋಟಾ ಕೂರುವ ಚೇಂಬರ್. ನಳಿಗೆಯೊಳಗಿನ ಸುರುಳಿ ಗೀರು ಹದಿನಾರು ಅಂಗುಲಕ್ಕೆ ಒಂದು ಸುತ್ತು ಬರುವಂತೆ ಇರುವುದು ಈ ತೋಟಾಕ್ಕೆ ರೂಢಿಯ ಅಳತೆ. ಉದ್ದ ಹೆಚ್ಚಾದರೆ ನಿಖರತೆ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇಷ್ಟು ಕಡಿಮೆ ಮದ್ದು ಮೊದಲ ಹದಿನಾರು ಹದಿನೆಂಟು ಅಂಗುಲದಲ್ಲೇ ಉರಿದು ಮುಗಿಯುತ್ತದೆ. ದಪ್ಪ ನಳಿಗೆ ಮಾತ್ರ ಬೇಕು, ಏಕೆಂದರೆ ಅದು ಕಡಿಮೆ ಕಂಪಿಸುತ್ತದೆ.

ಚೇಂಬರಿನಲ್ಲಿ ಎರಡು ಜಾತಿ. ಸಾಮಾನ್ಯ ರೈಫಲಿನದು ಸಡಿಲ, ಯಾವ ತೋಟಾ ಹಾಕಿದರೂ ಸಲೀಸಾಗಿ ಒಳಗೆ ಹೋಗುತ್ತದೆ. ಗುರಿಕಾರರ ರೈಫಲಿನದು ಬಿಗಿ. ತೋಟಾವನ್ನು ಒಳಗೆ ತಳ್ಳಿದಾಗ ಗುಂಡಿನ ಮೂತಿ ಸುರುಳಿ ಗೀರನ್ನು ಮುಟ್ಟಿ ಕೂರುತ್ತದೆ, ಗುಂಡು ಹೊರಡುವಾಗಲೇ ನಳಿಗೆಯ ನಡುವಿಗೆ ಸರಿಯಾಗಿ ನಿಂತಿರುತ್ತದೆ. ಹೊಡೆಯದ ತೋಟಾವನ್ನು ಹೊರತೆಗೆದು ನೋಡಿದರೆ ಸೀಸದ ಮೇಲೆ ಗೀರಿನ ಸಣ್ಣ ಗುರುತು ಕಾಣಬೇಕು. ಮ್ಯಾಗಜೀನ್ ಇಲ್ಲದ, ಒಂದೊಂದೇ ತೋಟಾ ಕೈಯಿಂದ ಹಾಕುವ ಬೋಲ್ಟ್ ರೈಫಲನ್ನು ಈ ಆಟದವರು ಇಷ್ಟಪಡುವುದಕ್ಕೂ ಕಾರಣವಿದೆ. ಮ್ಯಾಗಜೀನಿನಿಂದ ಮೇಲೇರುವಾಗ ಮೆತ್ತನೆಯ ಸೀಸ ತರಚಿಕೊಳ್ಳುತ್ತದೆ. ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲಿನ ಮಾತು ಈ ಆಟದಲ್ಲಿ ಬೇಡವೇ ಬೇಡ.

ಹೆಸರುಗಳು ಬೇಕೆನ್ನುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯ ಆನ್‌ಶುಟ್ಜ್ 1856ರಲ್ಲಿ ಶುರುವಾದ ಮನೆತನ, ಗುರಿಕಾರರ ರೈಫಲಿನಲ್ಲಿ ಅದರದೇ ಮೊದಲ ಮಾತು. ವಾಲ್ಥರ್, ಫೈನ್‌ವೆರ್ಕ್‌ಬೌ ಕೂಡ ಅಲ್ಲಿಯವೇ. ಸ್ವಿಟ್ಜರ್ಲೆಂಡಿನ ಬ್ಲೈಕರ್ ಒಲಿಂಪಿಕ್ ಅಂಗಳದಲ್ಲಿ ಕಾಣುವಂಥದು. ಕೈಗೆಟುಕುವ ದರ್ಜೆಯಲ್ಲಿ ಜೆಕ್ ದೇಶದ ಸೀಝಡ್. ಇವೆಲ್ಲ ಒಳ್ಳೆಯವೇ. ತೊಂದರೆ ಏನೆಂದರೆ ಸಾಮಾನ್ಯ ನಾಗರಿಕರು ಹೊರದೇಶದಿಂದ ಬಂದೂಕು ತರಿಸುವ ದಾರಿ ದಶಕಗಳಿಂದ ಮುಚ್ಚಿದೆ. ಆ ಸೌಲಭ್ಯ ಪಂದ್ಯಗಳಲ್ಲಿ ಆಡಿ, ಗೊತ್ತಾದ ಅಂಕ ತೋರಿಸಿ ಅರ್ಹತೆ ಪಡೆದ ಗುರಿಕಾರರಿಗೆ ಮೀಸಲು.

ಹಾಗಾಗಿ ಮಂಡ್ಯದವರೋ ಮೈಸೂರಿನವರೋ ಪರವಾನಗಿ ಹಿಡಿದು ಅಂಗಡಿಗೆ ಹೋದರೆ ಎದುರಿಗೆ ಬರುವುದು ಹೆಚ್ಚಾಗಿ ಎರಡು ಬಗೆ. ಒಂದು, ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ ಟೂ ಟೂ ರೈಫಲ್. ಇನ್ನೊಂದು, ಆಮದು ಮುಚ್ಚುವ ಮೊದಲು ದೇಶಕ್ಕೆ ಬಂದು ಕೈಯಿಂದ ಕೈಗೆ ದಾಟುತ್ತಿರುವ ಹಳೆಯ ವಿದೇಶಿ ರೈಫಲ್. ಇಷಾಪುರದ್ದು ಗಟ್ಟಿಮುಟ್ಟು, ಎನ್‌ಸಿಸಿಯವರಿಗೆ ಪರಿಚಿತ, 25 ಗಜದಲ್ಲಿ ಕಲಿಯುವುದಕ್ಕೆ ಸಾಕು. ಮೇಜಿನ ಆಟದ ಬಿಗಿಯಾದ ಚೇಂಬರನ್ನೂ ಹಗುರ ಟ್ರಿಗರನ್ನೂ ಅದರಿಂದ ಬಯಸುವುದು ಅದಕ್ಕೆ ಮಾಡುವ ಅನ್ಯಾಯ. ಹಳೆಯ ವಿದೇಶಿಗಳಲ್ಲಿ ಹೆಸರು ಉಳಿಸಿಕೊಂಡದ್ದು ಆಗಿನ ಚೆಕೊಸ್ಲೊವಾಕಿಯಾದ ಬ್ರನೊ ಮಾಡೆಲ್ 2. ಕಾಫಿ ತೋಟದ ಮನೆಗಳಲ್ಲಿ ಅದನ್ನು ಒಡವೆಯಂತೆ ಕಾಪಾಡಿಕೊಂಡವರಿದ್ದಾರೆ. ಅಲ್ಲೊಂದು ಇಲ್ಲೊಂದು ಇಂಗ್ಲೆಂಡಿನ ಬಿಎಸ್‌ಎ ಮಾರ್ಟಿನಿಯೂ ಸಿಗುತ್ತದೆ. ಅದಂತೂ ಗುರಿ ಆಟಕ್ಕೆಂದೇ ಮಾಡಿದ ರೈಫಲ್.

ಹಳೆಯದನ್ನು ಕೊಳ್ಳುವಾಗ ಕಣ್ಣಿಗೆ ಕೆಲಸ ಬಹಳ. ಮೊದಲು ಬೋಲ್ಟ್ ತೆಗೆದು, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು, ಹಿಂಬದಿಯಿಂದ ಬೆಳಕಿನ ಕಡೆಗೆ ನಳಿಗೆಯೊಳಗೆ ನೋಡಿ. ಗೀರುಗಳು ತುದಿಯವರೆಗೂ ಚೂಪಾಗಿ, ಹೊಳೆಯುತ್ತಾ ಕಾಣಬೇಕು. ನಡುವೆ ಎಲ್ಲಾದರೂ ಕಪ್ಪು ಉಂಗುರ ಕಂಡರೆ ಅಲ್ಲಿ ಹಿಂದೊಮ್ಮೆ ಗುಂಡು ಸಿಕ್ಕಿಕೊಂಡು, ಅದರ ಹಿಂದೆ ಇನ್ನೊಂದು ಹೊಡೆದು ನಳಿಗೆ ಉಬ್ಬಿದೆ ಎಂದರ್ಥ. ಅದನ್ನು ಬಿಟ್ಟು ಮುಂದೆ ಹೋಗಿ. ಉದ್ದಕ್ಕೂ ಸಿಡುಬಿನ ಕಲೆಗಳಿದ್ದರೆ ತುಕ್ಕು ತಿಂದಿದೆ. ನಮ್ಮದು ನಾಲೆ ಬಯಲಿನ ತೇವದ ಸೀಮೆ. ಗೋಡೆಗೆ ಒರಗಿಸಿ ಮಳೆಗಾಲ ಕಳೆದ ಬಂದೂಕಿಗೆ ಒಂದೇ ವರ್ಷ ಸಾಕು.

ಆಮೇಲೆ ನಳಿಗೆಯ ಬಾಯಿ. ಗುಂಡು ಕಟ್ಟಕಡೆಗೆ ಮುಟ್ಟಿ ಬಿಡುವ ಜಾಗ ಅದು. ಅಲ್ಲಿ ಒಂದು ಕಡೆ ನೆಗ್ಗಿದ್ದರೆ ಹಿಂದಿನ ಗ್ಯಾಸು ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಹಳೆಯ ರೈಫಲುಗಳಲ್ಲಿ ಬಾಯಿ ಸವೆಯುವುದು ಗುಂಡಿನಿಂದಲ್ಲ, ಒರಟು ಉಕ್ಕಿನ ಸರಳನ್ನು ಮುಂದಿನಿಂದ ತೂರಿಸಿ ಒರೆಸಿದ ಯಜಮಾನರ ಕೈಯಿಂದ. ಶುಚಿ ಮಾಡುವ ಆತುರದಲ್ಲಿ ಕೆಟ್ಟ ನಳಿಗೆಗಳೇ ಹೊಡೆದು ಸವೆದ ನಳಿಗೆಗಳಿಗಿಂತ ಹೆಚ್ಚು ಎಂದು ನನ್ನ ಅನಿಸಿಕೆ. ಬಾಯಿ ಒಂದೇ ಕೆಟ್ಟಿದ್ದರೆ ಪರವಾನಗಿ ಇರುವ ಬಂದೂಕು ರಿಪೇರಿಯವರು ಅದನ್ನು ಹೊಸದಾಗಿ ಕಡೆದು ಕೊಡಬಲ್ಲರು. ಅಲ್ಲಿಗೆ ಆಸೆ ಬಿಡಬೇಕಿಲ್ಲ.

ಚೇಂಬರಿನ ಅಂಚನ್ನೂ ಬೆರಳಿನಲ್ಲಿ ಸವರಿ ನೋಡಬೇಕು. ತೋಟಾ ಇಲ್ಲದೆ ಬರಿದೇ ಟ್ರಿಗರ್ ಎಳೆಯುವ ಅಭ್ಯಾಸ ಈ ಜಾತಿಯ ರೈಫಲಿಗೆ ಶತ್ರು. ಅಂಚಿಗೆ ಹೊಡೆಯಬೇಕಾದ ಮೊಳೆ ಹಲವು ಹಳೆಯ ಮಾದರಿಗಳಲ್ಲಿ ನೇರವಾಗಿ ಚೇಂಬರಿನ ಉಕ್ಕಿಗೇ ಬಡಿದು ಅಲ್ಲೊಂದು ಗುಳಿ ಮಾಡುತ್ತದೆ. ಮನೆಯ ಮಕ್ಕಳೆಲ್ಲ ಟಕ್ ಟಕ್ ಎನ್ನಿಸಿ ಆಡಿದ ರೈಫಲಿನಲ್ಲಿ ಈ ಗುಳಿ ಇದ್ದೇ ಇರುತ್ತದೆ. ತೋಟಾ ಸರಿಯಾಗಿ ಕೂರುವುದಿಲ್ಲ, ಕೆಲವು ಹೊತ್ತುವುದೂ ಇಲ್ಲ. ಇನ್ನು ನಳಿಗೆಯನ್ನು ಮರಕ್ಕೆ ಬಿಗಿಯುವ ತಿರುಪು. ಅದು ಸಡಿಲವಿದ್ದರೆ ಅಥವಾ ಮರ ಊದಿ ನಳಿಗೆಯನ್ನು ಒಂದು ಕಡೆ ಒತ್ತುತ್ತಿದ್ದರೆ ಒಳ್ಳೆಯ ರೈಫಲ್ ಕೂಡ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ ಹೊಡೆಯುತ್ತದೆ. ಇದನ್ನು ಸರಿಪಡಿಸುವುದು ಸುಲಭ, ಖರ್ಚೂ ಕಡಿಮೆ. ಎಷ್ಟೋ ಜನ ಇದನ್ನು ನೋಡದೆ ಬಂದೂಕನ್ನೇ ಮಾರಿದ್ದಾರೆ.

ಇಷ್ಟಾದ ಮೇಲೆ ಪರೀಕ್ಷೆ. ಪರವಾನಗಿ ಇರುವ ರೇಂಜಿನಲ್ಲಿ, ಮಾರುವವರೂ ಜೊತೆಯಲ್ಲಿದ್ದು, ಮೇಜಿನ ಮೇಲೆ ಮರಳು ಚೀಲದ ಆಸರೆಯಲ್ಲಿ ಹೊಡೆಸಿ. ತೋಟಾ ಬದಲಿಸಿದಾಗ ಮೊದಲ ಏಳೆಂಟು ಗುಂಡು ಲೆಕ್ಕಕ್ಕಿಲ್ಲ, ಏಕೆಂದರೆ ಹಿಂದಿನ ತೋಟಾದ ಮೇಣ ನಳಿಗೆಯಲ್ಲಿ ಉಳಿದಿರುತ್ತದೆ. ಆಮೇಲೆ ಐದರ ಒಂದು ಗುಂಪು. ಗುಂಪನ್ನು ಅಳೆಯುವ ಬಗೆ ಸರಳ. ಅತಿ ದೂರ ಬಿದ್ದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ 5.6 ಮಿಲಿಮೀಟರ್ ಕಳೆಯಿರಿ. ಎರಡು ತೂತುಗಳ ನಡುವಿನಿಂದ ನಡುವಿಗೆ ಇರುವ ಅಂತರ ಸಿಕ್ಕಿತು.

ಒಂದೇ ಗುಂಪು ನೋಡಿ ಮರುಳಾಗಬೇಡಿ. ಹತ್ತು ಗುಂಪು ಹೊಡೆದು ಅದರಲ್ಲಿ ಚೆಂದದ ಒಂದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುವವರು ಎಲ್ಲ ದೇಶದಲ್ಲೂ ಇದ್ದಾರೆ. ಅದೃಷ್ಟಕ್ಕೂ ಒಂದು ಗುಂಪು ಕೂಡಿ ಬರುತ್ತದೆ. ಒಂದು ಲಾಟಿನಲ್ಲಿ ಐದೈದರ ಐದು ಗುಂಪು ಹೊಡೆದು ಸರಾಸರಿ ತೆಗೆಯಿರಿ. ಆಮೇಲೆ ಇನ್ನೊಂದು ಲಾಟ್. 50 ಮೀಟರಿನಲ್ಲಿ ಸಾಮಾನ್ಯ ರೈಫಲಿಗೆ ಸರಾಸರಿ ಇಪ್ಪತ್ತು ಇಪ್ಪತ್ತೈದು ಮಿಲಿಮೀಟರ್ ಬಂದರೆ ಬೇಸರಪಡಬೇಕಿಲ್ಲ. ಹದಿನೈದರ ಒಳಗೆ ಬಂದರೆ ಆ ಹಳೆಯ ರೈಫಲನ್ನು ಕೈಬಿಡಬೇಡಿ. ಒಂದಂಕಿಗೆ ಇಳಿಯುವುದು ಗುರಿಕಾರರ ರೈಫಲ್ ಮತ್ತು ಆರಿಸಿದ ಲಾಟಿನ ಜೋಡಿ ಮಾತ್ರ.

ರೈಫಲಿನ ಮೇಲೆ ಕೂರಿಸುವ ದೂರದರ್ಶಕದಲ್ಲಿ ಹಣ ಹೋಗುವುದು ದೊಡ್ಡದಾಗಿ ತೋರಿಸುವ ಶಕ್ತಿಗೆ. ಅದಕ್ಕಿಂತ ಮುಖ್ಯವಾದದ್ದು 50 ಮೀಟರಿಗೆ ಹೊಂದಿಸಿಕೊಳ್ಳಬಹುದಾದ ಮುಂಗಾಜು. ದೊಡ್ಡ ಬೇಟೆ ರೈಫಲಿಗೆ ಮಾಡಿದ ದೂರದರ್ಶಕಗಳು 100 ಗಜಕ್ಕೆ ಹೊಂದಿಸಿರುತ್ತವೆ. ಅವನ್ನು ಇಲ್ಲಿ ಕೂರಿಸಿದರೆ ಕಣ್ಣು ಅತ್ತಿತ್ತ ಸರಿದಂತೆ ಗುರಿಯೂ ಸರಿಯುತ್ತದೆ.

ಗಾಳಿ ಮಾತ್ರ ಯಾರ ಅಂಗಡಿಯಲ್ಲೂ ಸಿಗುವುದಿಲ್ಲ. ಸೆಕೆಂಡಿಗೆ ಒಂದೇ ಮೀಟರ್ ವೇಗದ ಅಡ್ಡಗಾಳಿ, ಎಂದರೆ ಮುಖಕ್ಕೆ ತಗುಲಿದ್ದೂ ಗೊತ್ತಾಗದಂಥ ತಂಗಾಳಿ, 50 ಮೀಟರಿನಲ್ಲಿ ಗುಂಡನ್ನು ಸುಮಾರು ಏಳು ಮಿಲಿಮೀಟರ್ ತಳ್ಳುತ್ತದೆ. ಆದ್ದರಿಂದ ಈ ಆಟದವರು ಮೇಜಿನಿಂದ ಗುರಿಯವರೆಗೆ ಸಣ್ಣ ಸಣ್ಣ ಗಾಳಿ ಬಾವುಟ ನೆಡುತ್ತಾರೆ. ಕಬ್ಬಿನ ಸೂಲಂಗಿ ಯಾವ ಕಡೆ ಬಾಗಿತು ಎಂದು ನೋಡಿ ಬೆಳೆದ ನಮ್ಮ ಮಕ್ಕಳು ಇದನ್ನು ಪಟ್ಟಣದವರಿಗಿಂತ ಬೇಗ ಕಲಿತಾರು.

ಕಾನೂನಿನ ಮಾತನ್ನು ಕೊನೆಗೆ ಇಟ್ಟದ್ದು ಅದು ಸಣ್ಣದೆಂದಲ್ಲ. ಪಾಯಿಂಟ್ ಟೂ ಟೂ ರೈಫಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕೇ ಬೇಕು. 21 ವರ್ಷ ತುಂಬಿರಬೇಕು, ಅರ್ಜಿ ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ವಿಚಾರಣೆ ಆಗಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮನೆಯಲ್ಲಿ ಬೆಳೆ ರಕ್ಷಣೆಯ ಜೋಡಿ ನಳಿಗೆ ಈಗಾಗಲೇ ನಿಮ್ಮ ಹೆಸರಿನಲ್ಲಿದ್ದರೆ ಉಳಿದದ್ದು ಒಂದೇ ಜಾಗ. ಅದನ್ನು ಅವಸರದಲ್ಲಿ ತುಂಬಿಸಿಕೊಳ್ಳಬೇಡಿ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂಬುದೂ ಪರವಾನಗಿಯಲ್ಲಿ ಬರೆದಿರುತ್ತದೆ. ಲಾಟುಗಳ ಪರೀಕ್ಷೆಗೆ ಅದರಲ್ಲೇ ಪಾಲು ತೆಗೆದಿಡಬೇಕು.

ಇದಕ್ಕಿಂತಲೂ ಗಟ್ಟಿಯಾಗಿ ಹೇಳಬೇಕಾದದ್ದು ಇನ್ನೊಂದು. ಸಣ್ಣ ಗುಂಡೆಂದು ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಹೊಡೆದು ನೋಡುವ ಆಸೆ ಬೇಡ. ಈ ಗುಂಡು ಒಂದು ಮೈಲಿಗೂ ಹೆಚ್ಚು ದೂರ ಹೋಗಬಲ್ಲದು. ನೀರಿಗೆ ಬಿದ್ದರೆ ಮುಳುಗದೆ ಚಿಮ್ಮಿ ಯಾವ ದಿಕ್ಕಿಗಾದರೂ ಹಾರಬಹುದು. ನಮ್ಮ ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಹೆಜ್ಜಾರ್ಲೆಗಳನ್ನು ಮನೆಯ ಮಕ್ಕಳಂತೆ ಕಾಯುವ ಊರಿನ ನೆರೆಯವರು ನಾವು. ಈ ರೈಫಲಿಗೆ ಹಕ್ಕಿಯ ಕಡೆ ಮುಖವಿಲ್ಲ, ಕಾಗದದ ಕಡೆಗೆ ಮಾತ್ರ.

ಹಾಗಾದರೆ ಚಿಕ್ಕರಸಿನಕೆರೆಯ ಹುಡುಗ ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ಏರ್ ರೈಫಲಿನಿಂದ. ಪಾಯಿಂಟ್ ಒನ್ ಸೆವೆನ್ ಸೆವೆನ್ ಅಳತೆಯ, 20 ಜೌಲ್ ಮೀರದ ಏರ್ ರೈಫಲಿಗೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ಉದ್ದದ ಜಾಗ, ಹಿಂದೆ ಭದ್ರವಾದ ಗೋಡೆ, ಅದರ ಮುಂದೆ ಗುಂಡು ಹಿಡಿಯುವ ಪೆಟ್ಟಿಗೆ ಇದ್ದರೆ ಅಭ್ಯಾಸ ನಡೆಯುತ್ತದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದದ್ದು ಏರ್ ರೈಫಲಿನಲ್ಲೇ. ಅದರಲ್ಲಿ ಕೈ ಕುದುರಿದ ಮೇಲೆ ಬೆಂಗಳೂರಿನ ರಾಜ್ಯ ರೈಫಲ್ ಸಂಸ್ಥೆಯನ್ನೋ ಹತ್ತಿರದ ಕ್ಲಬ್ಬನ್ನೋ ಸೇರಿ, ಅಲ್ಲಿರುವ ಪಾಯಿಂಟ್ ಟೂ ಟೂಗಳನ್ನು ಹೊಡೆದು ನೋಡಿ. ನಿಮ್ಮದೇ ಬೇಕೋ ಬೇಡವೋ ಎಂಬುದು ಅಲ್ಲಿ ತಿಳಿಯುತ್ತದೆ.

ಕೊಳ್ಳುವುದೇ ಆದರೆ ನನ್ನ ತೀರ್ಪು ಇದು. ಕೈಯಲ್ಲಿರುವ ಹಣದಲ್ಲಿ ಅರ್ಧವನ್ನು ರೈಫಲಿಗೆ ಇಡಿ, ಉಳಿದರ್ಧವನ್ನು ತೋಟಾ, ದೂರದರ್ಶಕ, ಆಸರೆಗಳಿಗೆ. ನಳಿಗೆ ಗಟ್ಟಿಯಿರುವ ಹಳೆಯ ಬ್ರನೊ ಸಿಕ್ಕಿದರೆ ಮರ ಮಾಸಿದ್ದರೂ ಬಿಡಬೇಡಿ. ಮಾರುವವರನ್ನು ರೇಂಜಿಗೆ ಕರೆದು ಐದು ಗುಂಪು ಹೊಡೆಸಿ, ಹಾಳೆಯನ್ನು ನೀವೇ ಅಳೆಯಿರಿ. ಅದಕ್ಕೆ ಅವರು ಒಪ್ಪದಿದ್ದರೆ ಮುಂಗಡ ಕೊಡದೆ ಎದ್ದು ಬನ್ನಿ.